ಎರಡು ದಿನದ ಹಕ್ಕಿ ಶಿಕಾರಿ

ಇಲ್ಲಿ ಏನಾದರೂ ಬರೆದು ಮೂರು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇತ್ತು. ಎರಡು ಸಲ ಟೈಪ್ ಮಾಡಿ ಎರಡು ಸಲವೂ ಅಳಿಸಿದೆ. ಇವತ್ತು ಅಳಿಸೋ ಮುಂಚೆ ಪಬ್ಲಿಷ್ ಒತ್ತಿಬಿಡ್ತೀನಿ. ಉದ್ದ ಇದೆ, ಟೀ ಇಟ್ಕೊಂಡು ಕೂತ್ಕೊಳ್ಳಿ.

ಶುರುವಾಗಿದ್ದು ಒಂದು ಕಾಲ್‌ನಿಂದ. ನಮ್ಮ ಕ್ಲೈಂಟ್ ಕಡೆ ಒಬ್ಬ ಮ್ಯಾನೇಜರ್ ಇದ್ದಾರೆ, ಹೆಸರು ಬೇಡ, ಟೆಕ್ಸಾಸ್ ಸಾಹೇಬರು ಅಂತಿಟ್ಕೊಳ್ಳಿ. ಮೀಟಿಂಗಿಗೆ ಉಳಿದವರು ಸೇರೋ ತನಕ ಐದು ನಿಮಿಷ ಹವಾಮಾನ, ಕ್ರಿಕೆಟ್ಟು, ವೀಕೆಂಡು ಅಂತ ಮಾತಾಡೋದು ನಮ್ಮ ಕಸುಬಿನ ಒಂದು ಭಾಗ. ಕಳೆದ ಸೆಪ್ಟೆಂಬರಿನಲ್ಲಿ ಅವರು ವೀಕೆಂಡಿಗೆ ಬೆಳವನ ಹಕ್ಕಿ ಬೇಟೆಗೆ ಹೋಗಿದ್ದೆ ಅಂದ್ರು. ಅಲ್ಲಿ ಸೆಪ್ಟೆಂಬರ್ ಬಂತು ಅಂದ್ರೆ ಅದರ ಸೀಜನ್ನು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರೋದು ನನ್ನ ಜಾಯಮಾನವಲ್ಲ. "ನಮ್ಮ ಸೋದರಮಾವನೂ ದೊಡ್ಡ ಹಕ್ಕಿ ಬೇಟೆಗಾರ" ಅಂದುಬಿಟ್ಟೆ.

ನವೆಂಬರಿನಲ್ಲಿ ಮೇಲ್ ಬಂತು. ಫೆಬ್ರುವರಿಗೆ ಬೆಂಗಳೂರಿಗೆ ಬರ್ತಾರಂತೆ, ಕೆಲಸ ಮುಗಿದ ಮೇಲೆ ಎರಡು ದಿನ ಕೈಯಲ್ಲಿದೆ, ನಿನ್ನ ಊರಿನ ಕಡೆ ಒಂದು ಸಣ್ಣ ಹಕ್ಕಿ ಬೇಟೆ ಏರ್ಪಾಡು ಮಾಡೋಕಾಗುತ್ತಾ, ಗೈಡ್ ನಿಮ್ಮ ಮಾವನೇ ಆದರೆ ಇನ್ನೂ ಸಂತೋಷ, ಖರ್ಚು ಎಷ್ಟೇ ಆಗಲಿ. ಸಿಸಿಯಲ್ಲಿ ನನ್ನ ಮ್ಯಾನೇಜರ್. ಆತ ಅರ್ಧ ಗಂಟೆಯಲ್ಲಿ ನನಗೆ ಬೇರೆ ಮೇಲ್ ಹಾಕಿದ. "ಪ್ಲಾನ್ ಮಾಡಿ ಶುಕ್ರವಾರದೊಳಗೆ ಕಳಿಸು."

ನಾನು ವಿಧೇಯ ಸಾಫ್ಟ್‌ವೇರ್ ಇಂಜಿನಿಯರ್. ಎಕ್ಸೆಲ್ ತೆಗೆದೆ. ಒಂದನೇ ದಿನ, ಎರಡನೇ ದಿನ, ವಾಹನ, ಊಟ, ಗೈಡ್, ಕೊನೆಗೆ ರಿಸ್ಕ್ ಅಂತ ಒಂದು ಕಾಲಮ್ಮು. ಎಲ್ಲಕ್ಕಿಂತ ಮೊದಲು ತುಂಬಿದ್ದು ಆ ಕಾಲಮ್ಮೇ. "ಜೈಲು" ಅಂತ. :-)

ತಮಾಷೆ ಅಲ್ಲ. ನಮ್ಮ ದೇಶದಲ್ಲಿ ಬೇಟೆ ಅನ್ನೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದೇ ಇದ್ದದ್ದು ಏನಂದ್ರೆ, ಅದೇ ಕಾಯ್ದೆಯಲ್ಲಿ ಮೊದಲು ಬೇಟೆಗೆ ಲೈಸೆನ್ಸ್ ಕೊಡೋ ಕಲಮುಗಳೂ ಇದ್ದವು, ದೊಡ್ಡ ಬೇಟೆಗೆ ಬೇರೆ, ಸಣ್ಣ ಬೇಟೆಗೆ ಬೇರೆ, ಬಲೆ ಹಾಕಿ ಹಿಡಿಯೋದಕ್ಕೇ ಬೇರೆ. 1991ರ ತಿದ್ದುಪಡಿಯಲ್ಲಿ ಅವನ್ನೆಲ್ಲ ಕಿತ್ತುಹಾಕಿದರು. ಮತ್ತೆ ಬೇಟೆ ಅಂದ್ರೆ ಗುಂಡು ಹೊಡೆಯೋದು ಮಾತ್ರ ಅಲ್ಲ. ಹಿಡಿಯೋದು, ಉರುಲು ಹಾಕೋದು, ಅಟ್ಟೋದು, ಗೂಡು ಕೆಡಿಸೋದು, ಮೊಟ್ಟೆ ಎತ್ತೋದು, ಎಲ್ಲ ಬೇಟೆಯೇ. 2022ರ ತಿದ್ದುಪಡಿಯಲ್ಲಿ ದಂಡವನ್ನೂ ಏರಿಸಿದರು. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನವಿಲಿನಂಥ ಮೊದಲ ಷೆಡ್ಯೂಲಿನ ಹಕ್ಕಿಯಾದರೆ ಕನಿಷ್ಠ ಮೂರು ವರ್ಷ, ಏಳರ ತನಕ ಹೋಗಬಹುದು. (ಹೈವೇ ಢಾಬಾದಲ್ಲಿ ಕ್ವೇಲ್ ಫ್ರೈ ತಿಂದೆನಲ್ಲ ಅಂತ ಗಾಬರಿ ಬೀಳಬೇಡಿ, ಫಾರಮ್ಮಿನಲ್ಲಿ ಸಾಕೋದು ಜಪಾನಿ ತಳಿ.)

ಇದನ್ನೆಲ್ಲ ನಯವಾಗಿ ಬರೆದು ಸಾಹೇಬರಿಗೆ ಕಳಿಸಿದೆ. ಅವರೂ ನಯವಾಗಿ, ಆದರೆ ಉದ್ದಕ್ಕೆ ಉತ್ತರ ಬರೆದರು. ಅವರಲ್ಲೂ ಲೈಸೆನ್ಸ್ ಬೇಕು, ಬೆಳವ ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಹೊಡೆಯೋ ಹಾಗಿಲ್ಲ. ಕಾಡುಬಾತು ಹೊಡೆಯೋರು 1934ರಿಂದಲೂ ಡಕ್ ಸ್ಟ್ಯಾಂಪ್ ಅಂತ ಒಂದು ಚೀಟಿ ಕೊಳ್ಳಬೇಕು, ಆ ದುಡ್ಡಿನಲ್ಲಿ ಸರ್ಕಾರ ಕೆರೆ, ಜೌಗು ಕೊಂಡು ಹಕ್ಕಿಗಳಿಗೇ ಬಿಡುತ್ತೆ. "ಬಾತುಗಳನ್ನು ಉಳಿಸಿದ್ದು ನಮ್ಮ ದುಡ್ಡು" ಅಂದರು. ಇದು ಬರೀ ವಾದವಲ್ಲ, ನಿಜವೇ. ನನಗೆ ಥಟ್ಟನೆ ಉತ್ತರ ಹೊಳೀಲಿಲ್ಲ. ರಾತ್ರಿ ಹುಡುಕ್ತಾ ಕೂತಾಗ ಪ್ಯಾಸೆಂಜರ್ ಪಿಜನ್ ಕತೆ ಸಿಕ್ಕಿತು. ಆಕಾಶ ಕಪ್ಪಾಗುವಷ್ಟು ಹಾರುತ್ತಿದ್ದ ಪಾರಿವಾಳ, ಕೋಟಿ ಕೋಟಿ ಇದ್ದದ್ದನ್ನು ಹೊಡೆದು ಹೊಡೆದು ಮುಗಿಸಿದರು. ಕಟ್ಟಕಡೆಯದು ಸಿನ್ಸಿನಾಟಿಯ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ನಿಮ್ಮ ಲೈಸೆನ್ಸಿನ ಶಿಸ್ತು ಬಂದಿದ್ದು ಅಂಥದ್ದನ್ನೆಲ್ಲ ಕಳಕೊಂಡ ಮೇಲಲ್ವೇ, ನಾವು ಕಳಕೊಳ್ಳೋಕೆ ಮೊದಲೇ ನಿಲ್ಲಿಸೋಣ ಅಂತಿದೀವಿ ಅಂತ ಬರೆದೆ. ಬರೆಯೋವಾಗ ಸಿರುಗುಪ್ಪದ ಎರೆಭೂತ ನೆನಪಾಯ್ತು. ನಮ್ಮ ಬಯಲುಸೀಮೆಯ ಆ ದೊಡ್ಡ ಹಕ್ಕಿ ಕರ್ನಾಟಕದಲ್ಲಿ ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದಿದೆ. "ಮೊದಲೇ" ಅನ್ನೋ ಪದವನ್ನು ಅಳಿಸಿ ಕಳಿಸಿದೆ.

ಸಾಹೇಬರು ಒಳ್ಳೆ ಮನುಷ್ಯ. "ಸರಿ, ಕೋವಿ ಬೇಡ, ದೂರದರ್ಶಕ ತರ್ತೀನಿ. ಗೈಡ್ ಮಾತ್ರ ನಿಮ್ಮ ಮಾವನೇ ಇರಲಿ" ಅಂತ ಒಂದೇ ಸಾಲಿನ ಮೇಲ್ ಹಾಕಿದರು.

ನನಗೆ ಕಷ್ಟ ಬಂದಿದ್ದು ಅಲ್ಲಿ. ಯಾಕಂದ್ರೆ ನಮ್ಮ ಮಾವ ಹಕ್ಕಿ ಬಿಟ್ಟು ಹದಿನೇಳು ವರ್ಷ ಆಗಿತ್ತು. ಬಿಡಿಸಿದ್ದು ಯಾರು ಅಂತ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮದು ಕೊಟ್ಟೂರು. ಅವ್ವನ ತವರು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಾನು ಹುಟ್ಟೋ ಹೊತ್ತಿಗೆ, 1997ರಲ್ಲಿ, ಆ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಹಾಕಿದರು. 2018ರಲ್ಲಿ ವಾಪಸ್ ಬಳ್ಳಾರಿಗೆ ತಂದರು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲದರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಅಜ್ಜಿ ಕೂತ ಕಟ್ಟೆಯಿಂದ ಏಳದೆ ಮೂರು ಜಿಲ್ಲೆ ನೋಡಿದಳು.

ಮಾವ ಗೌಜುಗ ಹಿಡಿಯೋದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರು. ಕೋವಿ ಮುಟ್ಟಿದೋನಲ್ಲ. ಆತನ ಹತ್ತಿರ ಸಾಕಿದ ಒಂದು ಗಂಡು ಗೌಜುಗ ಇತ್ತು, ಬಿದಿರಿನ ಪಂಜರದಲ್ಲಿ. ಹೆಸರು ರಾಜ. ಪಂಜರಕ್ಕೆ ಹಳೇ ಟವೆಲ್ಲು ಮುಚ್ಚಿ, ನಸುಕಿನಲ್ಲಿ ಹೊಲದ ಬದುವಿಗೆ ಒಯ್ದು ಇಟ್ಟು ಟವೆಲ್ಲು ತೆಗೆದರೆ ಸಾಕು, ರಾಜ ಎದೆ ಉಬ್ಬಿಸಿ ಕೂಗೋಕೆ ಶುರು ಮಾಡ್ತಿತ್ತು. ಆ ಜಾಗದ ಕಾಡು ಗೌಜುಗಕ್ಕೆ ಅದು ಸಹಿಸ್ತಿರಲಿಲ್ಲ. ನನ್ನ ಹೊಲದಲ್ಲಿ ಇವನ್ಯಾವನು ಅಂತ ಜಗಳಕ್ಕೆ ಬರ್ತಿತ್ತು, ಬಂದು ಪಂಜರದ ಸುತ್ತ ಹಾಕಿದ ಉರುಲಿಗೆ ಕಾಲು ಕೊಡ್ತಿತ್ತು. ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ.

2008ರ ಬೇಸಿಗೆ ರಜೆಯಲ್ಲಿ ನನ್ನನ್ನೂ ಕರಕೊಂಡು ಹೋಗಿದ್ದ. ಲಕ್ಕಿ ಗಿಡದ ಹಿಂದೆ ಬೋರಲು ಮಲಗಿದ್ವಿ. ಕೆಮ್ಮು ಬಂದಾಗ ನನ್ನ ಬಾಯಿಗೆ ಅಂಗೈ ಮುಚ್ಚಿದ, ಆ ಅಂಗೈಯಲ್ಲಿ ಬೀಡಿ ಮತ್ತೆ ಮಣ್ಣಿನ ವಾಸನೆ. ಸಿಕ್ಕ ಹಕ್ಕಿಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟ. ಬೆಚ್ಚಗೆ, ಸಣ್ಣಗೆ, ಎರಡೂ ಕೈ ಒಳಗೆ ಅದರ ಎದೆ ಹೊಡಕೊಳ್ಳೋದು ಎಷ್ಟು ಜೋರಿತ್ತು ಅಂದ್ರೆ ನನ್ನದೇ ಹೊಡಕೊಂಡ ಹಾಗಿತ್ತು. ಮಧ್ಯಾಹ್ನ ಅದನ್ನೇ ಜೋಳದ ರೊಟ್ಟಿ ಜೊತೆ ತಿಂದೆ. ರುಚಿಯಾಗಿತ್ತು. ಸುಳ್ಳು ಹೇಳಲ್ಲ.

ಶಾಲೆ ಶುರುವಾದಾಗ ಎಲ್ಲ ಶಾಲೆಯಲ್ಲೂ ಬರೆಸೋ ಹಾಗೆ "ನಾನು ರಜೆ ಕಳೆದ ಬಗೆ" ಬರೆಸಿದರು. ನಾನು ಎರಡೂವರೆ ಪುಟ ಬರೆದೆ. ಊರ ಹೆಸರು, ಮಾವನ ಹೆಸರು, ರಾಜನ ಹೆಸರು, ಉರುಲಿನ ಗಂಟು ಹೇಗೆ ಹಾಕೋದು, ಸಂತೆಯಲ್ಲಿ ಜೋಡಿಗೆ ಎಷ್ಟು ಸಿಗುತ್ತೆ, ಎಲ್ಲ. ಮೇಷ್ಟ್ರಿಗೆ ಬಹಳ ಇಷ್ಟವಾಗಿ ಅದನ್ನು ಗೋಡೆ ಪತ್ರಿಕೆಗೆ ಅಂಟಿಸಿದರು. ನನ್ನ ಬರವಣಿಗೆ ಮೊದಲ ಸಲ "ಪ್ರಕಟ" ಆಗಿದ್ದು ಹಾಗೆ. ಮೂರು ವಾರ ಆದ ಮೇಲೆ ಒಂದು ದಿನ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆದು, ಗೋಡೆಯಿಂದ ಕಿತ್ತ ಹಾಳೆ ಕೈಗಿಟ್ಟು, "ಇದನ್ನ ಹರಿದು ಹಾಕು, ಮನೇಲಿ ಏನೂ ಹೇಳಬ್ಯಾಡ" ಅಂದರು. ಅವರ ಮುಖ ನೋಡಿ ನನಗೆ ಹೆದರಿಕೆ ಆಯ್ತು. ಮನೆಗೆ ಬಂದರೆ ಅವ್ವ ಅಳ್ತಾ ಕೂತಿದ್ದಳು. ಹಿಂದಿನ ದಿನ ಖಾಕಿ ತೊಟ್ಟವರು ಇಬ್ಬರು ಮಾವನ ಮನೆಗೆ ಬಂದು ಬಲೆ, ಉರುಲು, ಪಂಜರ, ರಾಜ, ಜೊತೆಗೆ ಮಾವನನ್ನೂ ಕರಕೊಂಡು ಹೋಗಿದ್ದರು.

ಎರಡು ದಿನಕ್ಕೆ ಮಾವ ವಾಪಸ್ ಬಂದ. ದಂಡ ಕಟ್ಟೋಕೆ ಅತ್ತಿ ಓಲೆ ಒತ್ತೆ ಬಿದ್ದವು. ರಾಜನನ್ನು ಯಾವುದೋ ಗುಡ್ಡದ ಬುಡದಲ್ಲಿ ಬಿಟ್ಟರಂತೆ. ಮರಿಯಿಂದ ಕೈಕಾಳು ತಿಂದು ಬೆಳೆದ ಹಕ್ಕಿ, ನರಿ ಬಂದರೆ ಓಡೋಕೂ ಬರಲ್ಲ ಅದಕ್ಕೆ. ಒಂದು ತಿಂಗಳು ದಿನಾ ನಸುಕಿನಲ್ಲಿ ಮಾವ ಆ ಗುಡ್ಡದ ಕಡೆ ಹೋಗಿ ಕೂಗು ಕೇಳಿಸುತ್ತೇನೋ ಅಂತ ಕೂತು ಬರ್ತಿದ್ದನಂತೆ. ಇದು ಅತ್ತಿ ಹೇಳಿದ್ದು.

ಕಾನೂನಿನ ಕಣ್ಣಲ್ಲಿ ಮಾವ ತಪ್ಪು ಮಾಡಿದ್ದ, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಕೊರೆದಿದ್ದು ಅದಲ್ಲ. ಯಾರು ಚಾಡಿ ಹೇಳಿದ್ದು ಅಂತ ಮನೆಯಲ್ಲಿ ಲೆಕ್ಕ ಹಾಕಿ, ಎಲ್ಲರೂ ಸೇರಿ ಪಕ್ಕದ ಮನೆ ಕಾಕಾನೇ ಅಂತ ತೀರ್ಮಾನ ಮಾಡಿದರು. ಬದುವಿನ ವಿಷಯಕ್ಕೆ ಇಬ್ಬರಿಗೂ ಹಳೇ ತಕರಾರಿತ್ತಲ್ಲ. ಮಾವ ಆತನ ಜೊತೆ ಮಾತು ಬಿಟ್ಟ. ಮದುವೆ ಮುಂಜಿಗೆ ಕರೆಯೋದು ಬಿಟ್ಟ. ಒಂದೇ ಗೋಡೆಯ ಆಚೆ ಈಚೆ. ನಾನು ಪ್ರತಿ ರಜೆಯಲ್ಲೂ ಹೋಗ್ತಿದ್ದೆ, ನೋಡ್ತಿದ್ದೆ, ಸುಮ್ಮನಿರ್ತಿದ್ದೆ. ಹತ್ತು ವರ್ಷದ ಹುಡುಗ ಹೇಳದೆ ಇದ್ದದ್ದು ಸರಿ. ಪಿಯುಸಿಯಲ್ಲಿ, ಇಂಜಿನಿಯರಿಂಗಿನಲ್ಲಿ, ಕೆಲಸ ಸಿಕ್ಕ ಮೇಲೆ? ಆಗೆಲ್ಲ ಯಾಕೆ ಹೇಳಲಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಕಾರಣ ಇಲ್ಲ. ಪಕ್ಕದ ಮನೆ ಕಾಕಾ ಮೂರು ವರ್ಷದ ಹಿಂದೆ ತೀರಿಕೊಂಡರು. ಊರೆಲ್ಲ ಮಣ್ಣಿಗೆ ಹೋಯ್ತು. ಮಾವ ಹೋಗಲಿಲ್ಲ.

ಇಂಥ ಮನುಷ್ಯನಿಗೆ ಫೋನ್ ಮಾಡಿ "ಮಾವ, ಅಮೆರಿಕಾದವರು ಬರ್ತಾರೆ, ಹಕ್ಕಿ ತೋರಿಸ್ತೀರಾ" ಅಂತ ಕೇಳಬೇಕಿತ್ತು. ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಹಿಡಿಯಾಕಾ, ನೋಡಾಕಾ?"

"ನೋಡಾಕ ಮಾವ. ಬರೀ ನೋಡಾಕ."

"ನೋಡಾಕ ಅಷ್ಟು ದೂರದಿಂದ ಬರ್ತಾರಾ?" ಅಂದ. ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ. "ಮೊದ್ಲ ನೀ ಬಾ. ಒಂದ್ಸಲ ಅಡ್ಡಾಡಿ ಬರೋಣ. ಗೊತ್ತಿಲ್ಲದ ಜಾಗಕ್ಕ ಪರದೇಶಿಗಳನ್ನ ಕರ್ಕೊಂಡು ಹೋಗಬಾರದು."

ಡಿಸೆಂಬರಿನಲ್ಲಿ ಹೋದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಡ್ರೈ ರನ್.

ಮೊದಲ ದಿನ ಅಂಕಸಮುದ್ರ. ಹಗರಿಬೊಮ್ಮನಹಳ್ಳಿ ತಾಲ್ಲೂಕು. ನೀವು ಹೋಗಿಲ್ಲ ಅಂದ್ರೆ ಹೋಗಲೇಬೇಕು. ನೋಡೋಕೆ ಸಾಮಾನ್ಯ ಊರ ಕೆರೆ, 98.76 ಹೆಕ್ಟೇರು, ಅಂದ್ರೆ ಇನ್ನೂರ ನಲವತ್ತು ಎಕರೆ ಮೇಲೆ ಸ್ವಲ್ಪ. ಹಿಂದಿನವರು ನೀರಾವರಿಗೆ ಕಟ್ಟಿಸಿದ್ದು. ಕೆರೆ ಅಂಗಳದ ತುಂಬ ಕರಿಜಾಲಿ ಮರ, ನೀರು ತುಂಬಿದಾಗ ಮರಗಳು ಸೊಂಟದ ತನಕ ನೀರಲ್ಲಿ ನಿಂತಿರ್ತಾವೆ. ನಾಯಿ, ನರಿ ಹತ್ತಿರ ಬರೋ ಹಾಗಿಲ್ಲ, ಮೇಲೆ ಮುಳ್ಳು, ಪಕ್ಕದಲ್ಲೇ ತುಂಗಭದ್ರಾ ಹಿನ್ನೀರಿನ ಮೀನು. ಹಕ್ಕಿಗೆ ಇನ್ನೇನು ಬೇಕು? 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. 2024ರ ಜನವರಿ ಕೊನೆಯಲ್ಲಿ ಗದಗದ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಜೊತೆಗೆ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿಯತನಕ ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ. ಅಂಕಸಮುದ್ರದಲ್ಲಿ 240 ಬಗೆಯ ಹಕ್ಕಿ ದಾಖಲಾಗಿವೆ ಅಂತ ರಾಮ್ಸಾರಿನವರ ಮಾಹಿತಿ ಹೇಳುತ್ತೆ. ನಾನು ಅದನ್ನು ಪ್ರಿಂಟ್ ತೆಗೆದು ಒಯ್ದಿದ್ದೆ. ಮಾವ ಆ ಕಾಗದದಲ್ಲಿ ಎಲೆ ಅಡಿಕೆ ಕಟ್ಟಿಕೊಂಡ.

ಸೂರ್ಯ ಹುಟ್ಟೋ ಮುಂಚೆ ಏರಿ ಮೇಲೆ ಇದ್ವಿ. ಮೊದಲು ಮೂಗಿಗೆ ಗೊತ್ತಾಗೋದು, ಮೀನು ಮತ್ತೆ ಹಿಕ್ಕೆಯ ಘಾಟು. ಆಮೇಲೆ ಕಿವಿಗೆ. ಬೆಳಕಾದಾಗ ನೋಡಿದರೆ ಮರಗಳಿಗೆ ಸುಣ್ಣ ಬಳಿದ ಹಾಗಿದೆ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ, ಕೊಂಬೆಗೊಂದು ಸಂಸಾರ. ಬಣ್ಣದ ಕೊಕ್ಕರೆಗಳು ದೊಡ್ಡವಾದ ಮೇಲೆ ಹೆಚ್ಚು ಕಡಿಮೆ ಮೂಕ, ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಅನ್ನಿಸ್ತಾವೆ ಅಷ್ಟೇ. ಬಾಯ್ಕಳಕದ ಕೊಕ್ಕು ಮುಚ್ಚಿದರೂ ನಡುವೆ ಸಂದು ಬಿಟ್ಟಿರುತ್ತೆ, ಬಸವನಹುಳ ತಿನ್ನೋಕೆ. ಇವೆಲ್ಲ ನಾನು ಓದಿಕೊಂಡು ಹೋಗಿದ್ದು. ಮಾವ ನೋಡಿದ್ದೇ ಬೇರೆ. ನಾನು ಬೈನಾಕ್ಯುಲರ್ ಫೋಕಸ್ ಮಾಡ್ತಾ ಇರೋವಾಗ ಆತ ಬರಿಗಣ್ಣಲ್ಲಿ, "ಆ ಮೂರನೇ ಮರದಾಗ ಏನೋ ಗಾಬ್ರಿ ಐತಿ ನೋಡು" ಅಂದ. ಅರ್ಧ ನಿಮಿಷಕ್ಕೆ ಆ ಮರದಿಂದ ಒಂದು ಗಿಡುಗ ಹೊರಬಿತ್ತು. ಹೇಗೆ ಗೊತ್ತಾಯ್ತು ಅಂದ್ರೆ, "ಬೆಳ್ಳಕ್ಕಿ ಕುತ್ತಿಗೆ ಉದ್ದ ಮಾಡಿದ್ವಲ್ಲ" ಅಂದ.

ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಕ್ಕೆ ನನಗೆ ಬೈದ. ಸಾಹೇಬರಿಗೂ ಹೇಳು ಅಂದ. ಗಾಳಿ ಯಾವ ಕಡೆಯಿಂದ ಬೀಸ್ತದೆ ನೋಡಿ ಕೂರಬೇಕು, ಬಿಸಿಲು ಬೆನ್ನಿಗಿರಬೇಕು, ಗೂಡಿರೋ ಮರದ ಕಡೆ ನೆಟ್ಟಗೆ ನಡೀಬಾರದು, ಎಲ್ಲೋ ಹೋಗೋರ ಹಾಗೆ ವಾರೆಯಾಗಿ ಹೋಗಬೇಕು. ನಾನು ಫೋನಿನಲ್ಲಿ ಟೈಪ್ ಮಾಡಿಕೊಳ್ತಾ ಹೋದೆ. ಒಂದು ಹಂತದಲ್ಲಿ ಕೈ ನಿಂತಿತು. ಉರುಲಿನ ಗಂಟನ್ನು ಹೀಗೇ ಬರಕೊಂಡಿದ್ದೆ ಅಲ್ವಾ ಅನ್ನಿಸ್ತು.

ತೇಜಸ್ವಿಯವರೂ ಮೊದಲು ಕೋವಿ ಹಿಡಿದವರು, ಆಮೇಲೆ ಕ್ಯಾಮೆರಾ. ಸಲೀಂ ಅಲಿ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಹಳದಿ ಕತ್ತಿನ ಗುಬ್ಬಿಯನ್ನು ಹಿಡಕೊಂಡು, ಇದು ಯಾವುದು ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದದ್ದೇ ಅವರ ಕತೆಯ ಶುರು, 1908ರಲ್ಲಿ. ಅವರ ಆತ್ಮಕತೆಯ ಹೆಸರಲ್ಲೇ ಆ ಗುಬ್ಬಿ ಇದೆ. ನಮ್ಮ ಮಾವನಿಗೆ ಅಂಥ ಸೊಸೈಟಿ ಬಾಗಿಲು ಯಾರೂ ತೋರಿಸಲಿಲ್ಲ. ಆತನಿಗೆ ಗೊತ್ತಿದ್ದದ್ದು ಗೊತ್ತಿದ್ದ ಹಾಗೇ ಹದಿನೇಳು ವರ್ಷ ಒಳಗೇ ಉಳಕೊಂಡಿತ್ತು.

ಎರಡನೇ ದಿನ ಮಾವನ ಊರಿನ ಕಡೆಯೇ ಒಣಬಯಲು, ಕುರುಚಲು. ಕೂಡ್ಲಿಗಿ ಕಡೆ, ಗುಡೇಕೋಟೆ ಕರಡಿಧಾಮದ ಸುತ್ತ ಹೋಗೋಣ ಅಂತ ನನ್ನ ಎಕ್ಸೆಲ್‌ನಲ್ಲಿತ್ತು. "ಕರಡಿ ಇರೋ ಕಡೆ ನಸುಕಿನಾಗ ನಡ್ಕೊಂಡು ಹೋಗ್ತೀಯಾ?" ಅಂತ ಒಂದೇ ಪ್ರಶ್ನೆಗೆ ಆ ಸಾಲು ಅಳಿಸಿದೆ. ಹಡಗಲಿ ಕಡೆ ಮದಲಗಟ್ಟಿ ಹತ್ತಿರ ಹೊಳೆ ದಂಡೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡ್ವಿ, ಬರೋವಾಗ ಮಲ್ಲಿಗೆ ತಗೊಂಡು ಬಂದರೆ ಅತ್ತಿ ಸಮಾಧಾನ ಆಗ್ತಾಳೆ ಅಂತ.

ಹೊಲದಲ್ಲಿ ಹುಡುಕಿ ಹುಡುಕಿ ಗೌಜುಗ ಕೇಳಿದ್ದು ಎರಡೇ ಕಡೆ. ಬುರ್ಲಿ ಒಂದೂ ಇಲ್ಲ. ನಾನು ಹುಡುಗನಾಗಿದ್ದಾಗ ನಸುಕಿನಲ್ಲಿ ನಾಲ್ಕೂ ದಿಕ್ಕಿಗೆ ಕೂಗ್ತಿದ್ದವು. ಮಾವ ಕೈ ತೋರಿಸಿದ. ಎಲ್ಲಿ ನೋಡಿದರೂ ಮೆಕ್ಕೆಜೋಳ. "ಮೊದ್ಲು ಸಜ್ಜಿ, ನವಣಿ, ಬಿಳಿಜೋಳ. ಬದು ಅಗಲ ಇರ್ತಿತ್ತು, ಬದುವಿನಾಗ ಹುಲ್ಲು, ಲಕ್ಕಿ, ಕಾರೆ ಗಿಡ. ಈಗ ಜೆಸಿಬಿ ತಂದು ಬದು ಕಿತ್ತಾರ. ಕಳೆಗೆ ಎಣ್ಣಿ ಹೊಡಿತಾರ. ಹಕ್ಕಿ ಎಲ್ಲಿ ತತ್ತಿ ಇಡಬೇಕು? ನಾ ಹಿಡಿದಿದ್ದು ಎಷ್ಟು, ಇವು ತಿಂದಿದ್ದು ಎಷ್ಟು!" ಸ್ವಲ್ಪ ತಡೆದು ತಾನೇ ಸೇರಿಸಿದ. "ನಾನೂ ಕಡಿಮಿ ಏನ್ ಹಿಡೀಲಿಲ್ಲ." ತತ್ತಿ ಇಡೋ ಕಾಲದಲ್ಲಿ ಮಾತ್ರ ಬಲೆ ಮುಟ್ತಿರಲಿಲ್ಲವಂತೆ, ಅವರಪ್ಪ ಹಾಕಿಕೊಟ್ಟ ಕಟ್ಟು. ಕಾಯ್ದೆಗೆ ಆ ಕಟ್ಟು ಲೆಕ್ಕಕ್ಕಿಲ್ಲ. ಎಲ್ಲರ ಹತ್ತಿರವೂ ಆ ಕಟ್ಟು ಇರಲಿಲ್ಲ ಅನ್ನೋದೂ ನಿಜವೇ.

ಸಂಜೆ ಬದುವಿನ ಮೇಲೆ ಕೂತಿದ್ವಿ. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗ್ತಿದ್ದವು. ಒಂದು ಗೌಜುಗ ಕೂಗಿತು, ಸರಿಯಾಗಿ ಆ ಗುಡ್ಡದ ಕಡೆಯಿಂದ. ಮಾವ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಿ ಕಿವಿ ಕೊಟ್ಟ. ಹದಿನೇಳು ವರ್ಷ ಬದುಕೋ ಹಕ್ಕಿ ಅಲ್ಲ ಅದು, ಆತನಿಗೆ ಗೊತ್ತು. ಆದರೂ ಕಿವಿ ಕೊಟ್ಟ.

ನಾನು ಅಂದೆ, "ಮಾವ, ಅವತ್ತು ಹೇಳಿದ್ದು ಪಕ್ಕದ ಮನೆ ಕಾಕಾ ಅಲ್ಲ. ನಾನು."

ತಿರುಗಿ ನೋಡಲಿಲ್ಲ.

"ಸಾಲಿಯಾಗ ಪ್ರಬಂಧ ಬರದಿದ್ದೆ. ನಿಮ್ಮ ಹೆಸರು, ಊರು, ಎಲ್ಲ. ಗೋಡಿಗೆ ಹಚ್ಚಿದ್ರು. ಯಾರೋ ಓದ್ಯಾರ."

ಎಲೆ ಮಡಚಿ ಬಾಯಿಗಿಟ್ಟ. ಅಗಿದ. ಬಹಳ ಹೊತ್ತಾದ ಮೇಲೆ ಕೇಳಿದ.

"ಎಷ್ಟು ಮಾರ್ಕ್ಸ್ ಕೊಟ್ಟಿದ್ರು?"

"ಹತ್ತಕ್ಕ ಒಂಬತ್ತು."

"ಒಂದು ಯಾಕ ಕಡಿದ್ರು?"

"ಕಾಗುಣಿತ ತಪ್ಪಿತ್ತು."

ಅಷ್ಟೇ. ಎದ್ದ, ಟವೆಲ್ಲು ಝಾಡಿಸಿಕೊಂಡ, ನಡೆದ. ನಾನು ಹಿಂದೆ ಹಿಂದೆ. ಮನೆ ಮುಟ್ಟೋ ತನಕ ಒಂದು ಮಾತಿಲ್ಲ. ಪಕ್ಕದ ಮನೆ ಮುಂದೆ ನಿಂತ. ಬೀಗ ಹಾಕಿತ್ತು, ಕಾಕಾ ಹೋದ ಮೇಲೆ ಮಗ ಕಾಕಿಯನ್ನು ದಾವಣಗೆರೆಗೆ ಕರಕೊಂಡು ಹೋಗಿದಾನೆ. ಕಟ್ಟೆಯ ಮೇಲೆ ಒಣಗಿದ ಬೇವಿನೆಲೆ ಬಿದ್ದಿದ್ದವು. ಮಾವ ಅವನ್ನು ಕಾಲಿನಿಂದ ಒಂದು ಕಡೆ ಸರಿಸಿದ, ಮತ್ತೆ ಒಳಗೆ ಹೋದ. ರಾತ್ರಿ ಊಟಕ್ಕೆ ಎದ್ದು ಬರಲಿಲ್ಲ. ಹೊಟ್ಟೆ ಸರಿ ಇಲ್ಲಂತೆ ಅಂತ ಅತ್ತಿ ಅಂದಳು. ನಾನೂ ಸರಿಯಾಗಿ ತಿನ್ನಲಿಲ್ಲ. ಬೆಳಗ್ಗೆ ನಾನು ಹೊರಡೋವಾಗ ಹೊಲಕ್ಕೆ ಹೋಗಿಬಿಟ್ಟಿದ್ದ.

ಬೆಂಗಳೂರಿಗೆ ಬಂದು ಮೂರು ವಾರ ಫೋನ್ ಇಲ್ಲ. ನಾನೇ ಎರಡು ಸಲ ಮಾಡಿದೆ, ಅತ್ತಿ ಎತ್ತಿ "ಇಲ್ಲೇ ಎಲ್ಲೋ ಹೋದ್ರು ನೋಡಪಾ" ಅಂದಳು. ಎಕ್ಸೆಲ್‌ನಲ್ಲಿ ಗೈಡ್ ಅನ್ನೋ ಚೌಕ ಖಾಲಿ ಬಿಟ್ಟು, ಬೇರೆ ಯಾರಾದರೂ ಸಿಗ್ತಾರಾ ಅಂತ ಹುಡುಕ್ತಿದ್ದೆ. ಸಾಹೇಬರಿಗೆ ಏನು ಹೇಳೋದು ಅಂತ ಎರಡು ಮೇಲ್ ಡ್ರಾಫ್ಟ್ ಮಾಡಿ ಇಟ್ಟಿದ್ದೆ. ಈ ಬರಹವನ್ನು ಎರಡು ಸಲ ಅಳಿಸಿದ್ದೂ ಆ ದಿನಗಳಲ್ಲೇ. ಹೆಸರು, ಊರು ಹಾಕಿ ಬರೆದು ಒಂದು ಸಲ ಆದದ್ದು ಸಾಲದಾ ಅನ್ನಿಸಿ. ಈ ಸಲ ಊರಿನ ಹೆಸರಿಲ್ಲ, ಮಾವನ ಹೆಸರಿಲ್ಲ. ಗಮನಿಸಿರ್ತೀರಿ.

ಮೊನ್ನೆ ಭಾನುವಾರ ಬೆಳಗ್ಗೆ ಆರಕ್ಕೆ ಫೋನ್ ಬಂತು. ನಿದ್ದೆಗಣ್ಣಲ್ಲಿ ಎತ್ತಿದೆ.

"ಅಳಿಯ, ಆ ಪರದೇಶದವರು ಯಾವಾಗ ಬರೋದು?"

ತಾರೀಖು ಹೇಳಿದೆ.

"ಕ್ಯಾಲೆಂಡರ್ ನೋಡಿಯೇನು? ಭಾರತ ಹುಣ್ಣಿಮಿ ಹತ್ರ ಇಡಬ್ಯಾಡ. ಮೈಲಾರದ ಕಾರ್ಣಿಕ ಇರ್ತೈತಿ, ಹಡಗಲಿ ರೋಡಿನಾಗ ಬರೀ ಚಕ್ಕಡಿ, ಟ್ರ್ಯಾಕ್ಟರು. ಅದರ ಬೆನ್ನಿಗೇ ನಿಮ್ಮ ಕೊಟ್ಟೂರು ತೇರು. ಆ ಜನದಾಗ ಹಕ್ಕಿ ಅಲ್ಲ, ರೂಮೂ ಸಿಗಂಗಿಲ್ಲ. ಎರಡರ ನಡುವ ಇಲ್ಲಾ ಮೊದ್ಲ ಇಡು."

"ಆತು ಮಾವ, ಬದಲಾಯಿಸ್ತೀನಿ."

"ಮತ್ತ ಆತಗ ಹೇಳು, ಬಿಳಿ ಅಂಗಿ ಬ್ಯಾಡ ಅಂತ."

"ಹೇಳ್ತೀನಿ."

ಸ್ವಲ್ಪ ಹೊತ್ತು ಆ ಕಡೆ ಬರೀ ಗಾಳಿ ಸದ್ದು. ಹೊಲದಲ್ಲೇ ನಿಂತು ಮಾಡಿದ್ದ ಅನ್ಸುತ್ತೆ.

"ನಿನ್ನಿ ದಾವಣಗೇರಿಗೆ ಹೋಗಿದ್ದೆ" ಅಂದ. "ಕಾಕಿ ಮಾತಾಡ್ಸಿ ಬಂದೆ." ಏನು ಮಾತಾಡಿದ ಅಂತ ನಾನು ಕೇಳಲಿಲ್ಲ, ಆತ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಎಕ್ಸೆಲ್ ತೆಗೆದು ತಾರೀಖು ತಿದ್ದಿದೆ, ಗೈಡ್ ಚೌಕ ತುಂಬಿದೆ. ಜೀಪಿನಲ್ಲಿ ಇನ್ನೂ ಎರಡು ಸೀಟು ಖಾಲಿ ಇವೆ, ಬರೋರಿದ್ದರೆ ಕಾಮೆಂಟ್ ಹಾಕಿ. ಅಂಗಿ ಮಾತ್ರ ಮಣ್ಣಿನ ಬಣ್ಣದ್ದು ಇರಲಿ.